ಅಳಿಸಬಾರದ ಗುರುತುಗಳು

(ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ, ಸೆಪ್ಟೆಂಬರ್ 8)



ಇಂದಿನ ಶುಭಸಂದೇಶದ ವಾಚನ ಅನೇಕರಿಗೆ ಬೇಸರ ತರಿಸುತ್ತದೆ ಎಂಬುದು ನಮಗೆ ತಿಳಿದಿದೆ. ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ದಾವೀದನಿಂದ ಬಾಬಿಲೋನಿನ ಸೆರೆಯವರೆಗೆ 14, ಅಲ್ಲಿಂದ ಕ್ರಿಸ್ತರವರೆಗೆ 14. ಬರೀ ಹೆಸರುಗಳು. ನಾಲಿಗೆ ಹೊರಳದ ಹೆಸರುಗಳು. ಹಬ್ಬದ ದಿನ, ಹೊಸ ತೆನೆ ಹಿಡಿದು, ಮನೆಯ ಊಟದ ನೆನಪಿನಲ್ಲಿ ಕುಳಿತ ನಮಗೆ ಈ ಪಟ್ಟಿ ಏಕೆ ಎಂದು ಕೇಳುವವರಿದ್ದಾರೆ.

ಆದರೆ ನಾವು ಇದನ್ನು ಬೇರೊಂದು ರೀತಿಯಲ್ಲಿ ನೋಡೋಣ. ಇದು ಒಂದು ಕುಟುಂಬದ ಆಲ್ಬಮ್. ಮನೆಗೆ ಬಂದ ನೆಂಟರಿಗೆ ನಾವು ಆಲ್ಬಮ್ ತೆರೆದು, ಇವರು ನಮ್ಮ ಮುತ್ತಜ್ಜ, ಇವರು ಅವರ ತಮ್ಮ, ಇವಳು ಚಿಕ್ಕಮ್ಮ ಎಂದು ಬೆರಳಿಟ್ಟು ತೋರಿಸುವುದಿಲ್ಲವೇ? ಸಂತ ಮತ್ತಾಯನೂ ಅದನ್ನೇ ಮಾಡುತ್ತಾನೆ. ಮರಿಯಮ್ಮನವರ ಮಡಿಲಿಗೆ ಬಂದ ಕೂಸು ಎಲ್ಲಿಂದಲೋ ಉದುರಿದ್ದಲ್ಲ, ಅದಕ್ಕೊಂದು ಮನೆತನವಿದೆ ಎಂದು ಒಂದೊಂದೇ ಮುಖವನ್ನು ತೋರಿಸುತ್ತಾನೆ.

ಆ ಆಲ್ಬಮಿನಲ್ಲಿ ಒಂದು ವಿಶೇಷವಿದೆ. ಅದರಲ್ಲಿ ಮರಿಯಮ್ಮನವರಿಗೆ ಮೊದಲು ನಾಲ್ವರು ಸ್ತ್ರೀಯರಿದ್ದಾರೆ. ಮಾವನನ್ನು ಮೋಸಗೊಳಿಸಿ ಮಗುವನ್ನು ಪಡೆದ ತಾಮಾರಳಿದ್ದಾಳೆ. ಜೆರಿಕೋ ಪಟ್ಟಣದ ವೇಶ್ಯೆ ರಾಹಾಬಳಿದ್ದಾಳೆ. ಪರದೇಶಿ ವಿಧವೆ ರೂತಳಿದ್ದಾಳೆ. ನಾಲ್ಕನೆಯವಳ ಹೆಸರನ್ನು ಮತ್ತಾಯ ಹೇಳುವುದೇ ಇಲ್ಲ. ಊರೀಯನ ಹೆಂಡತಿ ಎನ್ನುತ್ತಾನೆ. ಹಾಗೆನ್ನುವ ಮೂಲಕ ದಾವೀದ ಅರಸನ ಪಾಪವನ್ನೂ, ಊರೀಯನ ಕೊಲೆಯನ್ನೂ ಮತ್ತೆ ನೆನಪಿಸುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಇಂಥ ಪುಟಗಳನ್ನು ಮೆಲ್ಲನೆ ಹರಿದುಹಾಕುತ್ತಿದ್ದರು. ಮತ್ತಾಯ ಹರಿಯಲಿಲ್ಲ, ಅಳಿಸಲಿಲ್ಲ, ಬಣ್ಣ ಬಳಿಯಲಿಲ್ಲ.

ಇಂದು ನಾವು ಇದೇ ವಿಷಯವನ್ನು ನಮ್ಮ ಮನೆಗಳ ಆಲ್ಬಮಿನ ಮೂಲಕ ಧ್ಯಾನಿಸೋಣ. ಹಳೆಯ, ಗೀರು ಬಿದ್ದ, ಕಲೆಯಾದ ಕುಟುಂಬದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿ, ಕಾಸು ಕೇಳದೆ ಮನೆಯವರಿಗೆ ಹಿಂದಿರುಗಿಸುವ ಸ್ವಯಂಸೇವಕರು ಲೋಕದಲ್ಲಿದ್ದಾರೆ. ಅವರ ಕೆಲಸದಲ್ಲಿ ನಮಗೊಂದು ಪಾಠವಿದೆ.

ಮನೆಯ ಟ್ರಂಕು

ನಮ್ಮ ಮನೆಗಳಲ್ಲಿ ಹಳೆಯ ಚಿತ್ರಗಳು ಎಲ್ಲಿರುತ್ತವೆ? ಕೆಲವು ಗೋಡೆಯ ಮೇಲೆ ಕಟ್ಟಿನಲ್ಲಿ, ಕೆಲವು ಅಟ್ಟದ ಟ್ರಂಕಿನಲ್ಲಿ, ಕೆಲವು ಪಡಿತರ ಚೀಟಿ, ಪಹಣಿಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ. ನ್ಯಾಮತಿ, ಹೊನ್ನಾಳಿಯ ಕಡೆ ಮಳೆಗಾಲದಲ್ಲಿ ಹೆಂಚು ಸೋರಿ ಗೋಡೆ ತೇವವಾದರೆ, ಗೋಡೆಗೆ ತಗುಲಿದ ಚಿತ್ರವೂ ತೇವವಾಗುತ್ತದೆ. ಜಗಳೂರಿನ ಕಡೆ ಬಯಲು ಗಾಳಿ ಸಣ್ಣ ಮಣ್ಣನ್ನು ತಂದು ಚಿತ್ರದ ಮೇಲೆ ಕೂರಿಸುತ್ತದೆ. ಒಣಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು, ಆ ಮಣ್ಣಿನ ಕಣಗಳೇ ಉಗುರಿನಂತೆ ಗೀರುತ್ತವೆ.

ಹಳೆಯ ಕಪ್ಪುಬಿಳುಪು ಚಿತ್ರ ಎಂದರೆ ಕಾಗದದ ಮೇಲಿನ ಒಂದು ತೆಳು ಜೆಲಾಟಿನ್ ಪದರ. ಆ ಪದರದೊಳಗೆ ಬೆಳ್ಳಿಯ ಅತಿ ಸಣ್ಣ ಕಣಗಳಿರುತ್ತವೆ. ಆ ಕಣಗಳೇ ನಮ್ಮ ಅಜ್ಜನ ಮೀಸೆ, ಅಜ್ಜಿಯ ಬೈತಲೆ. ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ವಸ್ತುವಾದ್ದರಿಂದ ತೇವ ತಗುಲಿದರೆ ಉಬ್ಬುತ್ತದೆ, ಅಂಟಾಗುತ್ತದೆ, ಬೂಷ್ಟಿಗೆ ಊಟವಾಗುತ್ತದೆ. ಕಟ್ಟಿನ ಗಾಜಿಗೆ ಅಂಟಿಕೊಂಡ ಚಿತ್ರವನ್ನು ಎಳೆದು ತೆಗೆದರೆ ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಬಣ್ಣದ ಚಿತ್ರಗಳ ಕಷ್ಟ ಬೇರೆ. ಅವುಗಳಲ್ಲಿರುವುದು ಬೆಳ್ಳಿಯಲ್ಲ, ಬಣ್ಣದ ರಾಸಾಯನಿಕಗಳು. ಅವು ಸಮನಾಗಿ ಮಾಸುವುದಿಲ್ಲ. ಆದ್ದರಿಂದಲೇ ಅಂದಿನ ಎಷ್ಟೋ ಮದುವೆಯ ಚಿತ್ರಗಳು ಇಂದು ಕೆಂಪೇರಿ ನಿಂತಿವೆ.

ಇನ್ನೊಂದು ಮಾತನ್ನೂ ಹೇಳಬೇಕು. ಎಷ್ಟೋ ಚಿತ್ರಗಳನ್ನು ಕೆಡಿಸಿದ್ದು ನಮ್ಮ ಪ್ರೀತಿಯೇ. ತೀರಿಕೊಂಡವರ ಚಿತ್ರಕ್ಕೆ ಹಸಿ ಹೂವಿನ ಹಾರ, ಹಣೆಗೆ ಕುಂಕುಮ, ಗಂಧ, ಎದುರಿಗೆ ಎಣ್ಣೆ ದೀಪ. ನಮ್ಮ ಕ್ರೈಸ್ತ ಮನೆಗಳಲ್ಲಿ ಮೇಣದ ಬತ್ತಿ. ವರ್ಷಗಟ್ಟಲೆ ಹೊಗೆ, ಜಿಡ್ಡು, ತೇವ, ಮತ್ತೆ ಮತ್ತೆ ಒರೆಸುವ ಕೈ. ಮರೆತು ಮೂಲೆಗೆ ಎಸೆದ ಚಿತ್ರಕ್ಕಿಂತ ದಿನವೂ ಮುಟ್ಟಿದ ಚಿತ್ರಕ್ಕೇ ಗೀರು ಹೆಚ್ಚು. ಹಾಗಾಗಿ ಗೀರು ಬಿದ್ದ ಚಿತ್ರವನ್ನು ಕಂಡು ಯಾರನ್ನೂ ಗದರಬಾರದು. ಅದು ಈ ಮನೆಯವರು ಅವರನ್ನು ಮರೆತಿರಲಿಲ್ಲ ಎಂಬುದಕ್ಕೂ ಸಾಕ್ಷಿ.

ಕೆಸರಿನಲ್ಲಿ ಹುಡುಕಿದವರು

2005ರ ಆಗಸ್ಟ್ ತಿಂಗಳಲ್ಲಿ ಕತ್ರೀನಾ ಎಂಬ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಗೆ ಅಪ್ಪಳಿಸಿತು. ಮನೆಗಳು ಕೊಚ್ಚಿಹೋದವು. ಅದರ ಸುದ್ದಿ ಮಾಡಲು ಹೋಗಿದ್ದ ಪತ್ರಿಕಾ ಛಾಯಾಗ್ರಾಹಕಿಯೊಬ್ಬರು, ನೀರುಪಾಲಾದ ಮನೆಯವರು ಕೆಸರು ಮೆತ್ತಿದ ತಮ್ಮ ಆಲ್ಬಮ್ ಹಿಡಿದು ನಿಂತದ್ದನ್ನು ಕಂಡರು. 2006ರಲ್ಲಿ ಅವರೂ ಅವರ ಸಹೋದ್ಯೋಗಿಯೊಬ್ಬರೂ ಸೇರಿ 'ಆಪರೇಷನ್ ಫೋಟೊ ರೆಸ್ಕ್ಯೂ' ಎಂಬ ಸೇವಾ ಬಳಗವನ್ನು ಕಟ್ಟಿದರು. ಊರಿಗೆ ಹೋಗುವುದು, ಹಾಳಾದ ಚಿತ್ರಗಳನ್ನು ಅಲ್ಲಿಯೇ ಕ್ಯಾಮರಾದಿಂದ ನಕಲು ತೆಗೆದುಕೊಂಡು ಮೂಲವನ್ನು ಮನೆಯವರ ಕೈಗೇ ಕೊಡುವುದು, ಆ ನಕಲನ್ನು ಬೇರೆ ಬೇರೆ ಊರುಗಳ ಸ್ವಯಂಸೇವಕರು ತಮ್ಮ ಕಂಪ್ಯೂಟರಿನಲ್ಲಿ ಸರಿಪಡಿಸುವುದು, ಹೊಸ ಪ್ರತಿಯನ್ನು ಉಚಿತವಾಗಿ ಕಳುಹಿಸುವುದು: ಇದೇ ಅವರ ಕೆಲಸದ ಕ್ರಮ.

2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪವಾಗಿ ಸುನಾಮಿ ನುಗ್ಗಿತು. ನೀರು ಇಳಿದ ಮೇಲೆ, ಅವಶೇಷಗಳಲ್ಲಿ ಹುಡುಕುತ್ತಿದ್ದ ಸೈನಿಕರು, ಅಗ್ನಿಶಾಮಕ ದಳದವರು, ಊರವರು ಕೆಸರಿನಲ್ಲಿ ಸಿಕ್ಕ ಚಿತ್ರಗಳನ್ನು ಎಸೆಯದೆ ಒಂದು ಕಡೆ ಕೂಡಿಟ್ಟರು. ಯಾರ ಮನೆಯದೋ, ಯಾರ ಮಗುವೋ ಗೊತ್ತಿಲ್ಲ. ಆದರೂ ಎಸೆಯಲು ಮನಸ್ಸಾಗಲಿಲ್ಲ. ರಿಕೋ ಎಂಬ ಕಂಪನಿಯ ನೌಕರರು 2011ರಿಂದ 2015ರವರೆಗೆ ಇಂಥ 4 ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೊಳೆದು, ಒಣಗಿಸಿ, ಕಂಪ್ಯೂಟರಿಗೆ ಏರಿಸಿದರು. ಅವುಗಳಲ್ಲಿ ಸುಮಾರು 90 ಸಾವಿರ ಚಿತ್ರಗಳು ತಮ್ಮ ಮನೆಯವರನ್ನು ಸೇರಿದವು.

ಅದೇ ಜಪಾನಿಗೆ ಬೆಕ್ಕಿ ಮ್ಯಾನ್ಸನ್ ಎಂಬ ಮಹಿಳೆಯೂ ಸ್ವಯಂಸೇವಕಿಯಾಗಿ ಹೋಗಿದ್ದರು. ಫ್ಯಾಷನ್ ಚಿತ್ರಗಳನ್ನು ತಿದ್ದುವುದು ಅವರ ವೃತ್ತಿ. ತೆಳ್ಳಗಿರುವವರನ್ನು ಇನ್ನಷ್ಟು ತೆಳ್ಳಗೆ ಮಾಡುವುದು, ನುಣುಪಾದ ಚರ್ಮವನ್ನು ಇನ್ನಷ್ಟು ನುಣುಪು ಮಾಡುವುದು ಅಲ್ಲಿನ ಕೆಲಸ. ಜಪಾನಿನಲ್ಲಿ ಅದೇ ಕೈ ಕೆಸರಿನ ಚಿತ್ರಗಳನ್ನು ತೊಳೆಯಿತು, ತಿದ್ದಿತು. ಅವರ ಕರೆಗೆ ಓಗೊಟ್ಟು ಜಗತ್ತಿನ ನಾನಾ ಕಡೆಯ 500ಕ್ಕೂ ಹೆಚ್ಚು ಮಂದಿ ಕೈಜೋಡಿಸಿದರು. 90 ಕುಟುಂಬಗಳಿಗೆ ನೂರಾರು ಚಿತ್ರಗಳು ಸರಿಯಾಗಿ ಮರಳಿದವು. ಗಮನಿಸಿ, ಉಪಕರಣ ಅದೇ, ಕೌಶಲ ಅದೇ. ಉದ್ದೇಶ ಮಾತ್ರ ಬೇರೆಯಾಯಿತು. ಒಂದು ಕಡೆ ಇರುವ ಮುಖವನ್ನು ಮರೆಸುವ ಕೆಲಸ. ಇನ್ನೊಂದು ಕಡೆ ಮರೆಯಾದ ಮುಖವನ್ನು ತೋರಿಸುವ ಕೆಲಸ.

ಮನೆ, ದನ, ಹಣ ಎಲ್ಲವೂ ಹೋದಾಗ ಜನ ಒಂದು ತುಂಡು ಕಾಗದಕ್ಕೆ ಏಕೆ ಅಳುತ್ತಾರೆ? ಮನೆಯನ್ನು ಸರ್ಕಾರ ಕಟ್ಟಿಸಿಕೊಡಬಹುದು. ದನವನ್ನು ಸಂತೆಯಲ್ಲಿ ಕೊಳ್ಳಬಹುದು. ತೀರಿಹೋದ ತಾಯಿಯ ಮುಖವನ್ನು ಯಾವ ಸಂತೆಯಲ್ಲಿ ಕೊಳ್ಳುವುದು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿಯ ದಂಡೆಯ ಊರುಗಳು ಮುಳುಗಿದವು. ಅಲ್ಲಿಂದ ಎದ್ದುಬಂದ ಕುಟುಂಬಗಳು ಇಂದಿಗೂ ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿವೆ. ಮುಳುಗಿದ ಮನೆಯ ಜಗುಲಿಯ ಮೇಲೆ ತೆಗೆಸಿಕೊಂಡ ಒಂದು ಚಿತ್ರ ಅಂಥವರ ಬಳಿ ಉಳಿದಿದ್ದರೆ, ಆ ಜಗುಲಿ ಇರುವುದು ಇನ್ನು ಆ ಚಿತ್ರದಲ್ಲಿ ಮಾತ್ರ.

ಗೀರು ಬೇರೆ, ಗಾಯದ ಗುರುತು ಬೇರೆ

ಈ ಕೆಲಸ ಹೇಗೆ ನಡೆಯುತ್ತದೆ? ಮೊದಲು ಚಿತ್ರವನ್ನು ಸ್ಕ್ಯಾನರಿನ ಮೇಲಿಟ್ಟು ದೊಡ್ಡದಾಗಿ ನಕಲು ಮಾಡಬೇಕು. ಅಂಗೈ ಅಗಲದ ಚಿತ್ರವಾದರೆ ಇಂಚಿಗೆ 600 ಚುಕ್ಕೆ, ಪಾಸ್‌ಪೋರ್ಟ್ ಅಳತೆಯದಾದರೆ 1200. ಆ ಮೊದಲ ನಕಲನ್ನು ಹಾಗೆಯೇ ಎತ್ತಿಡಬೇಕು, ಅದನ್ನು ಯಾರೂ ಮುಟ್ಟಬಾರದು. ಕೆಲಸವೆಲ್ಲ ಅದರ ಇನ್ನೊಂದು ಪ್ರತಿಯ ಮೇಲೆ. ಆಮೇಲೆ ಚಿತ್ರವನ್ನು ಪರದೆಯ ಮೇಲೆ ಎರಡು ಮೂರು ಪಟ್ಟು ಹಿಗ್ಗಿಸಿ, ಒಂದೊಂದೇ ಗೀರನ್ನು ಹಿಡಿಯಬೇಕು. ಗೀರಿನ ಪಕ್ಕದ ಉಳಿದ ಭಾಗದಿಂದಲೇ ಸ್ವಲ್ಪ ತೆಗೆದು ಗೀರನ್ನು ತುಂಬಬೇಕು. ನಮ್ಮ ಹೆಣ್ಣುಮಕ್ಕಳು ಹರಿದ ಸೀರೆಗೆ ಅದೇ ಸೀರೆಯ ಅಂಚಿನ ನೂಲು ಎಳೆದು ರಫೂ ಮಾಡುವುದಿಲ್ಲವೇ? ಹಾಗೆ. ಫೋಟೊಶಾಪಿನಲ್ಲಿ ಇದಕ್ಕಾಗಿಯೇ ಗಾಯ ಮಾಯಿಸುವ ಕುಂಚ ಎಂಬ ಅರ್ಥದ ಹೆಸರಿನ ಸಾಧನವೊಂದು 2002ರಲ್ಲಿ ಬಂತು. ಹಣ ಕೊಡಲಾಗದವರಿಗೆ ಗಿಂಪ್ ಎಂಬ ಉಚಿತ ತಂತ್ರಾಂಶವಿದೆ. ಆದರೆ ಸಾಧನ ಯಾವುದಾದರೂ ಬೇಕಾದದ್ದು ತಾಳ್ಮೆ. ಕೆಟ್ಟದಾಗಿ ಗೀರು ಬಿದ್ದ ಒಂದು ಚಿತ್ರಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಯಾರೋ ಅಪರಿಚಿತರ ಅಜ್ಜಿಯ ಕೆನ್ನೆಯನ್ನು ಅಷ್ಟು ಹೊತ್ತು ನೋಡುತ್ತ ಕೂರಬೇಕು.

ಹಾಗೆ ನೋಡುವವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು: ಈ ಗೆರೆ ಚಿತ್ರದ ಮೇಲೆ ಬಿದ್ದದ್ದೋ, ಮುಖದ ಮೇಲೆ ಇದ್ದದ್ದೋ? ಕೆನ್ನೆಯ ಮೇಲಿನ ಚುಕ್ಕೆ ಬೂಷ್ಟೋ, ಸಿಡುಬಿನ ಕಲೆಯೋ? ಹುಬ್ಬಿನ ಮೇಲಿನ ಬಿಳಿಗೆರೆ ಕಾಗದ ಮಡಿಸಿದ್ದೋ, ಎತ್ತು ಹಾಯ್ದ ಗಾಯವೋ? ಚಿತ್ರಕ್ಕೆ ಬಂದ ಕೇಡನ್ನು ತೆಗೆಯಬೇಕು. ಆ ಮನುಷ್ಯರಿಗೆ ಸೇರಿದ್ದನ್ನು ತೆಗೆಯಬಾರದು. ಗೊತ್ತಾಗದಿದ್ದರೆ ಮನೆಯವರನ್ನು ಕೇಳಬೇಕು. ಸಿಡುಬಿನ ಕಲೆಯನ್ನು ಅಳಿಸಿ ನುಣ್ಣಗೆ ಮಾಡಿದ ಚಿತ್ರವನ್ನು ಕಂಡು ಮೊಮ್ಮಕ್ಕಳು ಚೆನ್ನಾಗಿದೆ ಎನ್ನಬಹುದು. ಆದರೆ ಆ ಮುಖವನ್ನು ಸವರಿ ಬೆಳೆದ ಮಗಳು ಏನೆಂದಾಳು? ಇದು ಯಾರೋ, ನಮ್ಮವ್ವ ಅಲ್ಲ ಎಂದಾಳು.

ಪ್ರಿಯರೇ, ಪುನರುತ್ಥಾನರಾದ ಯೇಸುಸ್ವಾಮಿಯನ್ನು ನೆನೆದುಕೊಳ್ಳಿ. ಮರಣವನ್ನೇ ಗೆದ್ದ ಆ ಮಹಿಮಾಭರಿತ ದೇಹದಲ್ಲಿ ಮೊಳೆಯ ಗಾಯಗಳ ಗುರುತು ಹಾಗೆಯೇ ಇತ್ತು. ಪಿತದೇವರಿಗೆ ಅವನ್ನು ಮಾಯಿಸಲಾಗುತ್ತಿರಲಿಲ್ಲವೇ? ಆದರೆ ಆ ಗುರುತುಗಳಿಂದಲೇ ತೋಮಾಸನು ತನ್ನ ಗುರುವನ್ನು ಗುರುತಿಸಿದ. ಪ್ರೀತಿಗಾಗಿ ಪಟ್ಟ ಗಾಯ ಮುಖದ ಭಾಗವೇ ಆಗಿಬಿಡುತ್ತದೆ. ಅದನ್ನು ಅಳಿಸಿದರೆ ಆ ವ್ಯಕ್ತಿಯನ್ನೇ ಅಳಿಸಿದಂತೆ.

ಇಲ್ಲದ ನಗು

ಇಂದು ಈ ಮಾತನ್ನು ಒತ್ತಿ ಹೇಳಬೇಕಾದ ಕಾರಣವಿದೆ. ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಗಂಟೆಗಟ್ಟಲೆ ಕೂರಬೇಕಿಲ್ಲ, ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಮಸುಕಾದ ಮುಖ ಥಳಥಳಿಸುತ್ತದೆ. ನಮ್ಮ ಯುವಕರು ಇದನ್ನು ಮಾಡಿ ಮನೆಯವರಿಗೆ ತೋರಿಸುವುದನ್ನು ನಾವು ನೋಡುತ್ತಿದ್ದೇವೆ. ಅವರ ಉತ್ಸಾಹ ಒಳ್ಳೆಯದು. ಆದರೆ ಒಳಗೆ ನಡೆಯುವುದೇನೆಂದು ತಿಳಿದಿರಬೇಕು. ಆ ಯಂತ್ರಕ್ಕೆ ನಮ್ಮ ಅಜ್ಜಿ ಗೊತ್ತಿಲ್ಲ. ಅದು ಬೇರೆ ಸಾವಿರಾರು ಮುಖಗಳನ್ನು ನೋಡಿ ಕಲಿತಿದೆ. ಚಿತ್ರದಲ್ಲಿ ಕಣ್ಣು ಮಸುಕಾಗಿದ್ದರೆ, ಕಣ್ಣು ಸಾಮಾನ್ಯವಾಗಿ ಹೀಗಿರುತ್ತದೆ ಎಂದು ಊಹಿಸಿ ಒಂದು ಕಣ್ಣನ್ನು ಬರೆಯುತ್ತದೆ. ಅದು ಅಂದವಾದ ಕಣ್ಣು, ಆದರೆ ಅಜ್ಜಿಯದಲ್ಲ. ಸಣ್ಣ ಗೀರು, ದೂಳು ತೆಗೆಯಲು ಯಂತ್ರ ನೆರವಾದರೆ ಆಗಲಿ. ಮುಖವನ್ನೇ ಅದರ ಊಹೆಗೆ ಒಪ್ಪಿಸುವುದು ಬೇರೆ ಮಾತು.

2021ರ ಏಪ್ರಿಲ್ ತಿಂಗಳಲ್ಲಿ ನಡೆದ ಒಂದು ಘಟನೆ ಜಗತ್ತಿಗೆ ಎಚ್ಚರಿಕೆಯಾಯಿತು. ಕಾಂಬೋಡಿಯಾ ದೇಶದಲ್ಲಿ 1975ರಿಂದ 1979ರವರೆಗೆ ಖಮೇರ್ ರೂಜ್ ಆಡಳಿತವಿತ್ತು. ಆಗ ರಾಜಧಾನಿ ನಾಮ್ ಪೆನ್ನಿನ ತೂಲ್ ಸ್ಲೆಂಗ್ ಸೆರೆಮನೆಯಲ್ಲಿ ಸಾವಿರಾರು ಜನರನ್ನು ಚಿತ್ರ ತೆಗೆದು ದಾಖಲಿಸಿ, ಹಿಂಸಿಸಿ, ಕೊಲ್ಲಲಾಯಿತು. ಆ ಕಪ್ಪುಬಿಳುಪು ಚಿತ್ರಗಳಿಗೆ ಕಲಾವಿದನೊಬ್ಬ ಬಣ್ಣ ತುಂಬಿದ. ಅಷ್ಟೇ ಆಗಿದ್ದರೆ ಬೇರೆ ಮಾತು. ಕೆಲವು ಮುಖಗಳ ಮೇಲೆ ನಗುವನ್ನೂ ಮೂಡಿಸಿದ. ಕೊಲೆಗೆ ಕಾದು ನಿಂತವರ ಮುಖದಲ್ಲಿ ನಗು! ಸತ್ತವರ ಬಂಧುಗಳು ನೊಂದರು, ಕಾಂಬೋಡಿಯಾ ಸರ್ಕಾರ ಪ್ರತಿಭಟಿಸಿತು, ಪ್ರಕಟಿಸಿದ್ದ ಸುದ್ದಿಸಂಸ್ಥೆ ಆ ಚಿತ್ರಗಳನ್ನು ತೆಗೆದುಹಾಕಬೇಕಾಯಿತು. ಅವರ ಭಯವೇ ಅವರ ಸಾಕ್ಷಿಯಾಗಿತ್ತು. ನಗು ಹಚ್ಚಿದವನು ಆ ಸಾಕ್ಷಿಯನ್ನು ಕಸಿದುಕೊಂಡ.

ಇದು ದೂರದ ಮಾತೆನ್ನಬೇಡಿ. ನಮ್ಮ ನಡುವೆ ಎಷ್ಟೋ ಬಡ ಅಜ್ಜ ಅಜ್ಜಿಯರಿಗೆ ಬದುಕಿನಲ್ಲಿ ಒಂದೇ ಚಿತ್ರ. 1993ರ ನಂತರ ಬಂದ ಮತದಾರರ ಗುರುತಿನ ಚೀಟಿಗಾಗಿ ತೆಗೆದದ್ದು. ಉಗುರಿನಷ್ಟಗಲ, ಮಸುಕು, ಬಿಸಿಲಿಗೆ ಕಣ್ಣು ಕಿರಿದಾದ ಮುಖ. ಅವರು ತೀರಿಕೊಂಡಾಗ ಅದನ್ನೇ ಹಿಗ್ಗಿಸಿ ಕಟ್ಟು ಹಾಕಿಸಬೇಕು. ಆಗ ತಲೆಯನ್ನು ಮಾತ್ರ ಕತ್ತರಿಸಿ, ಯಾರದೋ ರೇಷ್ಮೆ ಸೀರೆಯ, ಯಾರದೋ ಕೋಟಿನ ಮೈಗೆ ಅಂಟಿಸುವುದುಂಟು. ಹಿಂದೆ ಪರದೆಯಲ್ಲಿ ಯಾವುದೋ ಹೂದೋಟ. ಜೀವನವಿಡೀ ಲಂಬಾಣಿ ಫೇಟಿಯಾ, ಕಾಂಚಳಿ ತೊಟ್ಟು, ಕನ್ನಡಿ ಚೂರುಗಳನ್ನು ತಾನೇ ಹೊಲಿದುಕೊಂಡ ಒಬ್ಬ ತಾಯಿಯನ್ನು ಸತ್ತ ಮೇಲೆ ಬೇರೆ ಸೀರೆಯಲ್ಲಿ ನಿಲ್ಲಿಸಿದರೆ, ಅದು ಗೌರವವೇ? ಪ್ರೀತಿಯಿಂದಲೇ ಮಾಡುತ್ತಾರೆ, ಒಪ್ಪೋಣ. ಆದರೆ ನೀನು ಇದ್ದಂತೆ ಸಾಲದು ಎಂಬ ಮಾತು ಅದರೊಳಗೆ ಅಡಗಿದೆ. ಬಡವರಿಗೆ ಬದುಕಿದ್ದಾಗ ಲೋಕ ಆ ಮಾತನ್ನು ಸಾಕಷ್ಟು ಹೇಳಿದೆ. ಸತ್ತ ಮೇಲಾದರೂ ನಾವು ಅದನ್ನು ಹೇಳದಿರೋಣ.

ಹಾಗಾದರೆ ಚಿತ್ರದಲ್ಲಿ ಏನೂ ಉಳಿಯದ ಜಾಗವನ್ನು ಏನು ಮಾಡುವುದು? ಮನೆಯಲ್ಲಿ ಅದೇ ವ್ಯಕ್ತಿಯ ಇನ್ನೊಂದು ಚಿತ್ರವಿದೆಯೇ ಎಂದು ಹುಡುಕಬಹುದು. ಇಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡುವುದೇ ಪ್ರಾಮಾಣಿಕತೆ. ಇಂದು ಯಾರ ಜನನವನ್ನು ಕೊಂಡಾಡುತ್ತಿದ್ದೇವೋ ಆ ಮರಿಯಮ್ಮನವರ ಮುಖ ಹೇಗಿತ್ತು ಎಂದು ನಾಲ್ಕು ಶುಭಸಂದೇಶಗಳಲ್ಲಿ ಒಂದು ಮಾತೂ ಇಲ್ಲ. ಅವರ ತಂದೆತಾಯಿ ಸಂತ ಜೋಕಿಂ ಮತ್ತು ಅನ್ನಮ್ಮನವರ ಹೆಸರು ಕೂಡ ಬೈಬಲಿನಲ್ಲಿಲ್ಲ. ಸಭೆಯ ಪರಂಪರೆಯಿಂದ ನಮಗೆ ಬಂದದ್ದು. ತಮಗೆ ತಿಳಿಯದ್ದನ್ನು ಶುಭಸಂದೇಶಕಾರರು ಕಟ್ಟಿ ಬರೆಯಲಿಲ್ಲ. ಖಾಲಿಯನ್ನು ಖಾಲಿಯಾಗಿಯೇ ಬಿಟ್ಟರು. ಆದ್ದರಿಂದಲೇ ಅವರು ಬರೆದದ್ದನ್ನು ನಾವು ನಂಬುತ್ತೇವೆ.

ಹಲಗೆಯನ್ನು ಎಸೆಯದ ದೇವರು

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಸಂತ ಅಥನಾಸಿಯುಸ್ ಎಂಬ ಧರ್ಮಾಧ್ಯಕ್ಷರಿದ್ದರು. ದೇವರು ಮನುಷ್ಯರಾದುದೇಕೆ ಎಂಬುದನ್ನು ವಿವರಿಸಲು ಅವರು ತಮ್ಮ ಗ್ರಂಥದಲ್ಲಿ ಒಂದು ಹೋಲಿಕೆ ಕೊಡುತ್ತಾರೆ. ಛಾಯಾಚಿತ್ರವಿಲ್ಲದ ಕಾಲ. ಮರದ ಹಲಗೆಯ ಮೇಲೆ ಒಬ್ಬರ ಮುಖವನ್ನು ಬರೆದಿದ್ದಾರೆ. ಕಲೆ ಬಿದ್ದು ಅದು ಅಳಿಸಿಹೋಗಿದೆ. ಈಗೇನು ಮಾಡಬೇಕು? ಹಲಗೆಯನ್ನು ಎಸೆಯುವುದಿಲ್ಲ, ಏಕೆಂದರೆ ಅದರ ಮೇಲೆ ಆ ಮುಖವಿತ್ತು. ಚಿತ್ರಕಾರ ಮನಸ್ಸಿಗೆ ಬಂದಂತೆ ಬೇರೊಂದು ಮುಖವನ್ನೂ ಬರೆಯುವುದಿಲ್ಲ. ಯಾರ ಚಿತ್ರವೋ ಅವರೇ ಮತ್ತೆ ಬಂದು ಎದುರಿಗೆ ಕೂರಬೇಕು. ಆಗ ಅದೇ ಹಲಗೆಯ ಮೇಲೆ ಅದೇ ಮುಖ ಮತ್ತೆ ಮೂಡುತ್ತದೆ. ದೇವರು ತಮ್ಮ ಸಾರೂಪ್ಯದಲ್ಲಿ ಮನುಷ್ಯನನ್ನು ಉಂಟುಮಾಡಿದರು. ಪಾಪದಿಂದ ಆ ಸಾರೂಪ್ಯ ಮಸುಕಾಯಿತು. ಆದ್ದರಿಂದ ದೇವರ ಪ್ರತಿರೂಪವಾದ ಸುತನೇ ನಮ್ಮ ನಡುವೆ ಬಂದರು ಎಂಬುದು ಅವರ ಬೋಧನೆ.

ಇದರಲ್ಲಿ ಎರಡು ವಿಷಯಗಳನ್ನು ಗಮನಿಸಿ. ಒಂದು, ಎಷ್ಟೇ ಕೆಟ್ಟರೂ ಹಲಗೆಯನ್ನು ಎಸೆಯಲಿಲ್ಲ. ಎರಡು, ಊಹೆಯಿಂದ ಸರಿಪಡಿಸಲಿಲ್ಲ. ಕೆಸರಿನ ಚಿತ್ರವನ್ನು ಎತ್ತಿಟ್ಟ ಸೈನಿಕನಲ್ಲೂ, ಮನೆಯವರನ್ನು ಕೇಳದೆ ಕೆನ್ನೆಯ ಕಲೆಯನ್ನು ಮುಟ್ಟದ ಸ್ವಯಂಸೇವಕಿಯಲ್ಲೂ ನಾವು ಕಾಣುವುದು ಇದೇ ಎರಡು ಗುಣ. ಮರಿಯಮ್ಮನವರ ಜನನ ಎಂದರೆ ಆ ಮೂಲ ಮುಖ ಮತ್ತೆ ನಮ್ಮೆದುರು ಬಂದು ಕೂರಲು ಸಿದ್ಧವಾದ ಆಸನ. ಅದಕ್ಕೇ ಇಂದು ಸಂಭ್ರಮ.

ಚಿತ್ರವಿಲ್ಲದ ನೆನಪು

ನಮ್ಮ ನೆರೆಯ ಸೂರಗೊಂಡನಕೊಪ್ಪ ಎಲ್ಲರಿಗೂ ತಿಳಿದ ಊರು. ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳ. ಭಾಯಾಗಡ ಎಂದೂ ಕರೆಯುತ್ತಾರೆ. ಫೆಬ್ರವರಿ ತಿಂಗಳ ಜಯಂತಿಗೆ ಕರ್ನಾಟಕದಿಂದಲ್ಲದೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಜನ ಬರುತ್ತಾರೆ. ಮಾಲೆ ಧರಿಸಿ ಕಾಲ್ನಡಿಗೆಯಲ್ಲಿ ಬರುವವರೂ ಇದ್ದಾರೆ. ಸೇವಾಲಾಲರ ಜನನ 1739ರ ಫೆಬ್ರವರಿ 15 ಎಂದು ಆಚರಿಸುತ್ತಾರೆ. ಛಾಯಾಚಿತ್ರ ಎಂಬ ವಿದ್ಯೆಯನ್ನು ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟಿಸಿದ್ದು 1839ರಲ್ಲಿ. ಸರಿಯಾಗಿ ನೂರು ವರ್ಷದ ಅಂತರ. ಹಾಗಾಗಿ ಅವರ ಫೋಟೊ ಇರಲು ಸಾಧ್ಯವೇ ಇಲ್ಲ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಅಲೆದ ಜನ ಅವರನ್ನು ಮರೆಯಲಿಲ್ಲ. ಹಾಡಿದರು, ಮಕ್ಕಳಿಗೆ ಹೇಳಿದರು, ಆ ಮಕ್ಕಳು ತಮ್ಮ ಮಕ್ಕಳಿಗೆ ಹೇಳಿದರು. ನೆನಪನ್ನು ಉಳಿಸಿದ್ದು ಬಾಯಿ ಮತ್ತು ಕಿವಿ.

ನಮ್ಮ ಸ್ಥಿತಿ ಇದಕ್ಕೆ ತಿರುಗುಮುರುಗಾಗಿದೆ. ನಮ್ಮ ಬಳಿ ಚಿತ್ರಗಳಿವೆ, ಹೇಳುವ ಬಾಯಿಲ್ಲ. ಮೊಬೈಲಿನಲ್ಲಿ ಸಾವಿರಾರು ಫೋಟೊ ಇವೆ. ಟ್ರಂಕಿನಲ್ಲಿರುವ ಹಳೆಯ ಚಿತ್ರದಲ್ಲಿ ಎಡಗಡೆ ನಿಂತವರು ಯಾರೆಂದು ಕೇಳಿದರೆ ಮನೆಯ ಒಬ್ಬ ಅಜ್ಜಿಗೆ ಮಾತ್ರ ಗೊತ್ತು. ಆ ಅಜ್ಜಿ ಕಣ್ಣು ಮುಚ್ಚಿದ ದಿನ ಆ ವ್ಯಕ್ತಿಯೂ ಎರಡನೆಯ ಬಾರಿ ಸಾಯುತ್ತಾರೆ. ಗೀರನ್ನು ಹತ್ತು ವರ್ಷದ ನಂತರವೂ ತೆಗೆಯಬಹುದು. ಹೆಸರನ್ನು ಕೇಳಲು ಅಷ್ಟು ಕಾಲವಿಲ್ಲ. ಜಪಾನಿನಲ್ಲಿ ಕೂಡಿಟ್ಟ ಲಕ್ಷಾಂತರ ಚಿತ್ರಗಳಲ್ಲಿ ಬಹುಪಾಲು ಮನೆ ಸೇರದೆ ಉಳಿದವು ಎಂಬುದನ್ನು ನೆನಪಿಡಿ. ಅವುಗಳನ್ನು ತೊಳೆದಾಗಿತ್ತು, ಒಣಗಿಸಿಯಾಗಿತ್ತು. ಇವರು ನಮ್ಮವರು ಎಂದು ಹೇಳುವವರು ಮಾತ್ರ ಬರಲಿಲ್ಲ.

ಈ ಹಬ್ಬದಲ್ಲಿ ನಾವು ಮಾಡಬಹುದಾದದ್ದು

ಇಂದು ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಹೋಗಿಬಂದವರೂ, ಮನೆಯಲ್ಲೇ ಉಳಿದವರೂ ಹೊಸ ಅಕ್ಕಿಯ ಊಟಕ್ಕೆ ಒಟ್ಟಾಗಿ ಕೂರುತ್ತೀರಿ. ದೂರದ ಮಕ್ಕಳೂ ಬಂದಿರುತ್ತಾರೆ. ಊಟವಾದ ಮೇಲೆ ಟಿ.ವಿ. ಹಚ್ಚುವ ಮೊದಲು ಟ್ರಂಕನ್ನು ಇಳಿಸಿರಿ.

ಮೊದಲನೆಯದಾಗಿ, ಹೆಸರು ಬರೆಯಿರಿ. ಹಿರಿಯರನ್ನು ನಡುವೆ ಕೂರಿಸಿ ಒಂದೊಂದೇ ಚಿತ್ರ ತೋರಿಸಿ. ಯಾರು, ಯಾವ ಊರು, ಯಾವ ಸಂದರ್ಭ, ಸುಮಾರು ಯಾವ ವರ್ಷ. ಚಿತ್ರದ ಹಿಂಬದಿಗೆ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ನು ಬೇಡ, ಒತ್ತಿದರೆ ಮುಂಭಾಗದಲ್ಲಿ ಗೆರೆ ಏಳುತ್ತದೆ. ಅವರು ಹೇಳುವ ಮಾತನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ.

ಎರಡನೆಯದಾಗಿ, ಕೆಡದಂತೆ ಇಡಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಗಾಜಿಗೆ ಅಂಟಿದ್ದನ್ನು ಕೀಳಬೇಡಿ; ಗಾಜಿನ ಸಮೇತವೇ ನಕಲು ತೆಗೆಯಿರಿ. ಲ್ಯಾಮಿನೇಷನ್ ಮಾಡಿಸಬೇಡಿ, ಅದನ್ನು ಮತ್ತೆ ಬಿಡಿಸಲಾಗದು. ಒಂದೊಂದನ್ನೂ ಕಾಗದದ ಲಕೋಟೆಯಲ್ಲಿಟ್ಟು, ನೆಲದಿಂದ ಎತ್ತರದಲ್ಲಿ, ಒಣಗಿದ ಜಾಗದಲ್ಲಿಡಿ. ತೀರಿಕೊಂಡವರಿಗೆ ದೀಪ ಹಚ್ಚಿ, ಹೂವಿಡಿ. ಆದರೆ ಅಲ್ಲಿ ನಕಲನ್ನು ಇಡಿ, ಮೂಲವನ್ನು ಒಳಗಿಡಿ.

ಮೂರನೆಯದಾಗಿ, ಯುವಜನರಿಗೆ ಒಂದು ಮಾತು. ನಿಮ್ಮಲ್ಲಿ ಕಂಪ್ಯೂಟರ್ ಕಲಿತವರಿದ್ದೀರಿ. ತಿಂಗಳಿಗೆ ಒಂದು ಭಾನುವಾರ ಬಲಿಪೂಜೆಯ ನಂತರ ಒಂದು ಮೇಜು, ಒಂದು ಸ್ಕ್ಯಾನರ್ ಹಾಕಿ ಕೂರಬಲ್ಲಿರಾ? ಸ್ಕ್ಯಾನರ್ ಇಲ್ಲದಿದ್ದರೆ, ಕಿಟಕಿಯ ನೆರಳು ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ಮೊಬೈಲನ್ನು ಚಿತ್ರಕ್ಕೆ ಸಮನಾಗಿ ಹಿಡಿದು ತೆಗೆದರೂ ಒಂದು ಹಂತಕ್ಕೆ ನಡೆಯುತ್ತದೆ. ನಮ್ಮ ಧರ್ಮಕೇಂದ್ರದ ಮನೆಗಳಿಗೆ ಮಾತ್ರವಲ್ಲ, ಸುತ್ತಲಿನ ತಾಂಡಾಗಳಿಗೆ, ಕೇರಿಗಳಿಗೆ ಹೋಗಿ. ಜಾತಿ, ಧರ್ಮ ಕೇಳಬೇಡಿ; ಚಿತ್ರದಲ್ಲಿರುವವರ ಹೆಸರನ್ನು ಕೇಳಿ. ಮೂಲವನ್ನು ಅವರ ಕಣ್ಣೆದುರೇ ಹಿಂದಿರುಗಿಸಿ. ಅವರ ಒಪ್ಪಿಗೆಯಿಲ್ಲದೆ ಯಾವುದನ್ನೂ ವಾಟ್ಸಾಪಿಗೆ ಹಾಕಬೇಡಿ. ಅದು ಅವರ ಮನೆಯ ಒಳಕೋಣೆ. ಸರಿಪಡಿಸಿದ ಚಿತ್ರದೊಡನೆ ಗೀರು ಬಿದ್ದ ಮೂಲ ನಕಲನ್ನೂ ಕೊಡಿ, ಎಲ್ಲೆಲ್ಲಿ ಏನು ಮಾಡಿದಿರಿ ಎಂದು ತಿಳಿಸಿ. ಗೊತ್ತಿಲ್ಲದ ಮುಖವನ್ನು ಬರೆಯಬೇಡಿ.

ಕೊನೆಯದಾಗಿ, ಒಂದು ಒಳಗಿನ ಕೆಲಸವಿದೆ. ಕೆಲವು ಮನೆಗಳ ಆಲ್ಬಮಿನಲ್ಲಿ ಒಂದು ಮುಖವನ್ನು ಯಾರೋ ಬೇಕೆಂದೇ ಬ್ಲೇಡಿನಿಂದ ಕೆರೆದಿರುತ್ತಾರೆ, ಇಲ್ಲವೇ ಕತ್ತರಿಸಿರುತ್ತಾರೆ. ಓಡಿಹೋಗಿ ಮದುವೆಯಾದ ಮಗಳು, ಆಸ್ತಿಗಾಗಿ ಜಗಳವಾಡಿದ ತಮ್ಮ, ಕುಡಿದು ಮನೆ ಹಾಳುಮಾಡಿದ ಚಿಕ್ಕಪ್ಪ. ಅಂಥ ಗೀರನ್ನು ಯಾವ ಕಂಪ್ಯೂಟರೂ ತೆಗೆಯಲಾರದು. ಆದರೆ ಇಂದಿನ ಶುಭಸಂದೇಶವನ್ನು ಮತ್ತೊಮ್ಮೆ ಓದಿ. ತಾಮಾರಳನ್ನು, ರಾಹಾಬಳನ್ನು, ಊರೀಯನ ಹೆಂಡತಿಯನ್ನು ಅಲ್ಲಿಂದ ಕತ್ತರಿಸಿದ್ದರೆ ಆ ವಂಶಾವಳಿ ಮರಿಯಮ್ಮನವರವರೆಗೆ ಬರುತ್ತಲೇ ಇರಲಿಲ್ಲ. ಇಂದಿನ ಊಟಕ್ಕೆ ಆ ಒಬ್ಬರಿಗೆ ಫೋನು ಮಾಡಿ, ಬನ್ನಿ ಎಂದು ಕರೆಯಿರಿ. ಅವರು ಬರದಿರಬಹುದು. ಕರೆಯುವುದು ನಮ್ಮ ಪಾಲಿನ ಕೆಲಸ.

ನಮ್ಮಲ್ಲಿ ಮಸುಕಾದ ತಮ್ಮ ಸಾರೂಪ್ಯವನ್ನು ಎಸೆಯದ ದೇವರು, ಒಬ್ಬರು ಇನ್ನೊಬ್ಬರ ಮುಖವನ್ನು ಇದ್ದಂತೆಯೇ ಪ್ರೀತಿಸುವ ಮನಸ್ಸನ್ನು ನಮಗೆ ಕೊಡಲಿ. ಮಾತೆ ಮರಿಯಮ್ಮನವರು ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ. ಆಮೆನ್.